ಟೈಪ್ ಮಾಡಿದಂತೆಲ್ಲ ಬದಲಾಗುವ ಪಟ್ಟಿ

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಒಂದು ಸೀರೆ ಅಂಗಡಿ ಅಂದುಕೊಳ್ಳಿ. ಗಿರಾಕಿ ‘ಗೋಮಿ’ ಎಂಬ ವಿನ್ಯಾಸದ ದಡಿಯ ಸೀರೆ ಕೇಳುತ್ತಾರೆ. ಅಂಗಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಕೀಲಿ ಒತ್ತಿದರೆ ಲಾಂಚರ್, ಅಂದರೆ ಟೈಪ್ ಮಾಡಿ ಪಟ್ಟಿಯಿಂದ ಬೇಕಾದ್ದನ್ನು ಆರಿಸುವ ಕಿಟಕಿ, ತೆರೆಯುತ್ತದೆ. ‘ಗೋ’ ಎಂದು ಹೊಡೆಯುತ್ತಿದ್ದಂತೆ ಸ್ಟಾಕಿನ ಸಾಲುಗಳು ಕಾಣಬೇಕು, ‘ಗೋಮಿ’ ಅಂದಾಗ ಬೇಡದವು ಹೋಗಬೇಕು. ಹುಡುಕುವ ಸ್ಕ್ರಿಪ್ಟ್, ಅಂದರೆ ನಾವು ಬರೆದಿಟ್ಟ ಆದೇಶಗಳ ಸರಣಿ, ಪುಟ್ಟದು. ಆದರೂ ಎಷ್ಟೋ ಸಲ ಪಟ್ಟಿ ತಡವಾಗಿ ಬರುತ್ತದೆ, ಇಲ್ಲವೇ ತಪ್ಪಾಗಿ ಬರುತ್ತದೆ.

ಮೊದಲು ಲಾಂಚರ್ ಯಾವುದು ನೋಡಬೇಕು. ಲಿನಕ್ಸ್‌ನ ಡಿಮೆನು ಎಂಬ ಲಾಂಚರ್ ಇಡೀ ಪಟ್ಟಿ ಓದಿಕೊಂಡ ಮೇಲೆಯೇ ತೋರಿಸುತ್ತದೆ. ಅಲ್ಲಿನದೇ ಇನ್ನೊಂದು ಲಾಂಚರ್ ರೋಫಿ ನಮ್ಮ ಸ್ಕ್ರಿಪ್ಟನ್ನು ಶುರುವಿನಲ್ಲಿ ಒಮ್ಮೆ, ಸಾಲು ಆರಿಸಿದಾಗ ಮತ್ತೊಮ್ಮೆ ಕರೆಯುತ್ತದೆ. ನಡುವೆ ನಾವು ಏನು ಹೊಡೆದೆವು ಅನ್ನುವುದು ಸ್ಕ್ರಿಪ್ಟಿಗೆ ತಿಳಿಯುವುದೇ ಇಲ್ಲ. ಮ್ಯಾಕ್‌ನ ಲಾಂಚರ್ ಆಲ್‌ಫ್ರೆಡ್‌ಗೆ 0.1ರಿಂದ 5 ಸೆಕೆಂಡಿನ ನಡುವೆ ಒಂದು ಅವಧಿ ಹೇಳಿದರೆ, ಅಷ್ಟಷ್ಟು ಹೊತ್ತಿಗೆ ಸ್ಕ್ರಿಪ್ಟನ್ನು ತಾನೇ ಮತ್ತೆ ಓಡಿಸುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ನಡೆಯುವ ಎಫ್‌ಝಡ್‌ಎಫ್. ಬರೆದದ್ದು ಬದಲಾದಾಗಲೆಲ್ಲ ಹೊಸದಾಗಿ ಹುಡುಕು ಎಂದು ಅದಕ್ಕೆ ಹೇಳಬಹುದು.

ಇಷ್ಟಾದರೂ ಪಟ್ಟಿ ಖಾಲಿ ಇದ್ದರೆ? ತಪ್ಪು ಬಹುಪಾಲು ಪೈಪ್‌ನಲ್ಲಿ, ಅಂದರೆ ಒಂದು ಪ್ರೋಗ್ರಾಂನ ಉತ್ತರ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿ, ಇರುತ್ತದೆ. ಪ್ರೋಗ್ರಾಂ ನೇರವಾಗಿ ಟರ್ಮಿನಲ್‌ಗೆ ಬರೆಯುವಾಗ ಸಾಲುಸಾಲಾಗಿ ಕಳಿಸುತ್ತದೆ. ಪೈಪ್‌ಗೆ ಬರೆಯುವಾಗ ಹಾಗಲ್ಲ. ಟಂಟಂ ತುಂಬುವವರೆಗೆ ಹೊರಡುವುದಿಲ್ಲವಲ್ಲ, ಹಾಗೆ ಬಫರ್ ಎಂಬ ತಾತ್ಕಾಲಿಕ ಜಾಗ ತುಂಬುವವರೆಗೆ ಕಾಯುತ್ತದೆ. ಲಿನಕ್ಸ್‌ನಲ್ಲಿ ಸಿ ಭಾಷೆಯ ಪ್ರೋಗ್ರಾಂಗಳಿಗೆ ಇದು ಸಾಮಾನ್ಯವಾಗಿ 4096 ಬೈಟ್. ‘ಗೋಮಿ ದಡಿ’ ಎಂಬ ಸಾಲು ಬರೀ 23 ಬೈಟ್. ಅಂದರೆ ಅಂಥ 170ಕ್ಕೂ ಹೆಚ್ಚು ಸಾಲು ಕೂಡುವವರೆಗೆ, ಇಲ್ಲವೇ ಹುಡುಕಾಟ ಮುಗಿಯುವವರೆಗೆ, ಮೊದಲನೆಯದೂ ಹೊರಬೀಳುವುದಿಲ್ಲ! ಉತ್ತರ ಸಿಕ್ಕಾಗಿದೆ, ಸುಮ್ನೆ ಒಳಗೆ ಕೂತಿದೆ. ಸಾಲು ಹುಡುಕುವ ಗ್ರೆಪ್ ಪ್ರೋಗ್ರಾಂಗೆ ‘ಲೈನ್ ಬಫರ್ಡ್’ ಆಯ್ಕೆ ಕೊಡಿ, ಪೈಥಾನ್ ಭಾಷೆಯಲ್ಲಿ ಪ್ರಿಂಟ್ ಮಾಡುವಾಗಲೇ ಫ್ಲಶ್ ಮಾಡಿ, ಅಂದರೆ ಬಫರ್ ತುಂಬದಿದ್ದರೂ ಹೊರಗೆ ಕಳಿಸಿ. ಸಾಲು ಸಿಕ್ಕ ಹಾಗೇ ಕಾಣುತ್ತದೆ.

ಇನ್ನೊಂದು ತೊಡಕು ಕನ್ನಡಕ್ಕೆ ಹೆಚ್ಚು ತಟ್ಟುತ್ತದೆ. ‘ಗೋಮಿ’ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತ: ಗ, ಓತ್ವ, ಮ, ಇತ್ವ. ಪ್ರತಿ ಸಂಕೇತಕ್ಕೂ ಹುಡುಕಿದರೆ ‘ಗೋಮ’ ಎಂಬ ಅರೆಬರೆ ಪದಕ್ಕೂ ಸ್ಕ್ರಿಪ್ಟ್ ಓಡುತ್ತದೆ. ಬೆರಳು ನಿಂತ ಮೇಲೆ ಸುಮಾರು 0.15 ಸೆಕೆಂಡ್ ಕಾದು ಹುಡುಕುವುದು ಒಳ್ಳೆಯದು. ಅಷ್ಟು ತಡ ಯಾರಿಗೂ ಭಾರ ಅನಿಸದು.

ಹಳೆಯ ಉತ್ತರಗಳ ಕಾಟವೂ ಇದೆ. ‘ಗೋ’ಗೆ ಸಾಲು ಜಾಸ್ತಿ, ಹಾಗಾಗಿ ಅದರ ಉತ್ತರ ‘ಗೋಮಿ’ಯ ಉತ್ತರಕ್ಕಿಂತ ತಡವಾಗಿ ಬಂದು ಸರಿಯಾದ ಪಟ್ಟಿಯನ್ನೇ ಅಳಿಸಿಬಿಡಬಹುದು. ಎಫ್‌ಝಡ್‌ಎಫ್ ಹೊಸ ಹುಡುಕಾಟ ಶುರುವಾದಾಗ ಹಳೆಯದನ್ನು ನಿಲ್ಲಿಸುತ್ತದೆ. ನಾವೇ ಬರೆಯುವುದಾದರೆ ಪ್ರತಿ ಹುಡುಕಾಟಕ್ಕೂ ಒಂದು ನಂಬರ್ ಕೊಟ್ಟು, ಹಳೆ ನಂಬರಿನ ಉತ್ತರ ಬಂದರೆ ಬಿಟ್ಟುಬಿಡಬೇಕು.

ಇವೆಲ್ಲಕ್ಕಿಂತ ದೊಡ್ಡ ಅಪಾಯ, ಪಟ್ಟಿ ಕೈ ಕೆಳಗೇ ಅಲುಗುವುದು. ‘ದಡಿ’ ಎಂದು ಹುಡುಕಿ ಎಂಟರ್ ಒತ್ತುವ ಹೊತ್ತಿಗೆ ಹೊಸ ಸಾಲೊಂದು ಮೇಲೆ ಸೇರಿದರೆ, ಗೋಮಿ ದಡಿ ಇದ್ದ ಜಾಗಕ್ಕೆ ಗಾಯತ್ರಿ ದಡಿ ಬಂದಿರುತ್ತದೆ. ಬಿಲ್ ಅದಕ್ಕೇ ಆಗುತ್ತದೆ. ಹೊಸ ಸಾಲು ಯಾವಾಗಲೂ ಕೆಳಗೆ ಸೇರಲಿ. ಆಯ್ಕೆಯನ್ನು ಸಾಲಿನ ಜಾಗದಿಂದ ಗುರುತಿಸದೆ, ಆ ಸೀರೆಯ ಕೋಡ್‌ನಿಂದ ಗುರುತಿಸಿ.