ಊರು ಸರಿಯಿದೆ, ದಾರಿ ಕಡಿದಿದೆ: ಮೆದುಳಿನ ಸಂಪರ್ಕ ಹುಡುಕಿದ ಕಥೆ

ಕೆಂಪು, ಹಸಿರು, ನೀಲಿ ದಾರಗಳನ್ನು ತಲೆಬುರುಡೆಯೊಳಗೆ ತುರುಕಿದ ಹಾಗೆ ಕಾಣುವ ಮೆದುಳಿನ ಚಿತ್ರ ನೀವೂ ನೋಡಿರುತ್ತೀರಿ. ಮೆದುಳಿನ ಬಗ್ಗೆ ಏನೇ ಸುದ್ದಿ ಬಂದರೂ ಜೊತೆಗೆ ಅದನ್ನೇ ಹಾಕುತ್ತಾರೆ. ತುಂಬಾ ಜನ ಅದನ್ನು ಫೋಟೋ ಅಂದುಕೊಂಡಿದ್ದಾರೆ. ಫೋಟೋ ಅಲ್ಲ. ಮೆದುಳಿನೊಳಗೆ ನೀರಿನ ಕಣಗಳು ಎತ್ತ ಓಡಾಡುತ್ತವೆ ಅಂತ ಅಳೆದು, ಅದರ ಮೇಲೆ ಕಂಪ್ಯೂಟರ್ ಊಹೆ ಮಾಡಿ ಬಿಡಿಸಿದ ನಕ್ಷೆ ಅದು. ಬಣ್ಣ ಕೂಡ ಮೆದುಳಿನದ್ದಲ್ಲ. ಮೆದುಳಿನ ಭಾಗಗಳನ್ನು ಕೂಡಿಸುವ ನರತಂತುಗಳಲ್ಲಿ ಎಡದಿಂದ ಬಲಕ್ಕೆ ಹೋಗುವುದಕ್ಕೆ ಕೆಂಪು, ಹಿಂದೆ ಮುಂದೆ ಹೋಗುವುದಕ್ಕೆ ಹಸಿರು, ಮೇಲೆ ಕೆಳಗೆ ಹೋಗುವುದಕ್ಕೆ ನೀಲಿ ಅಂತ ಮಾಡಿಕೊಂಡ ರೂಢಿ, ಅಷ್ಟೇ.

ಹಾಗಾದರೆ ಊಹೆಯ ಚಿತ್ರಕ್ಕೆ ಇಷ್ಟು ಬೆಲೆ ಯಾಕೆ? ಅದಕ್ಕೆ 1861ರ ಪ್ಯಾರಿಸ್‌ಗೆ ಹೋಗಬೇಕು.

ಅಲ್ಲಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇಪ್ಪತ್ತೊಂದು ವರ್ಷದಿಂದ ಇದ್ದ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಸದ್ದು, ‘ತಾನ್’. ಬೇರೆಯವರು ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಅವನು ಸತ್ತ ಮೇಲೆ ವೈದ್ಯ ಪಾಲ್ ಬ್ರೋಕಾ ಮೆದುಳು ತೆಗೆದು ನೋಡಿದರು. ಎಡಗಡೆ ಮುಂಭಾಗದಲ್ಲಿ ಹಾಳಾಗಿತ್ತು. ಮಾತಿನ ಜಾಗ ಸಿಕ್ಕಿತು ಅಂತ ದೊಡ್ಡ ಸುದ್ದಿಯಾಯಿತು. ಬ್ರೋಕಾ ಮಾಡಿದ ಒಳ್ಳೆಯ ಕೆಲಸ ಇನ್ನೊಂದಿದೆ. ಆ ಮೆದುಳನ್ನು ಅವರು ಕೊಯ್ಯಲಿಲ್ಲ. ಇಡಿಯಾಗಿ ಜಾಡಿಯಲ್ಲಿ ಇಟ್ಟರು. ಅದರ ಸುದ್ದಿ ಮುಂದೆ ಬರುತ್ತದೆ.

ಹದಿಮೂರು ವರ್ಷದ ನಂತರ, 1874ರಲ್ಲಿ, ಕಾರ್ಲ್ ವೆರ್ನಿಕೆ ಎಂಬ 26 ವರ್ಷದ ಜರ್ಮನ್ ವೈದ್ಯ ಬೇರೆಯೇ ಒಂದು ಮಾತು ಹೇಳಿದ. ಮಾತು ಅರ್ಥವಾಗುವ ಜಾಗ ಬೇರೆ, ಮಾತು ಹೊರಡುವ ಜಾಗ ಬೇರೆ. ಎರಡೂ ನೆಟ್ಟಗಿದ್ದು ನಡುವಿನ ದಾರಿ ಮಾತ್ರ ಕಡಿದರೂ ಒಂದು ಕಾಯಿಲೆ ಆಗಬೇಕಲ್ಲ ಅನ್ನುವುದು ಅವನ ಲೆಕ್ಕ. ಅಂಥ ರೋಗಿಗಳು ಸಿಕ್ಕರು ಕೂಡ. ಸಲೀಸಾಗಿ ಮಾತಾಡುತ್ತಾರೆ, ನೀವು ಹೇಳಿದ್ದು ತಿಳಿಯುತ್ತದೆ, ಆದರೆ ನೀವು ಅಂದಿದ್ದನ್ನು ಹಾಗೇ ತಿರುಗಿ ಅನ್ನಿ ಎಂದರೆ ಆಗುವುದಿಲ್ಲ. 1892ರಲ್ಲಿ ಫ್ರಾನ್ಸಿನ ಡೆಜೆರಿನ್ ವರ್ಣಿಸಿದ ರೋಗಿಯಂತೂ ಇನ್ನೂ ವಿಚಿತ್ರ. ಆತ ಚೆನ್ನಾಗಿ ಬರೆಯುತ್ತಿದ್ದ, ತಾನೇ ಬರೆದದ್ದನ್ನು ಓದಲು ಬರುತ್ತಿರಲಿಲ್ಲ! ಅಕ್ಷರ ಗುರುತಿಸುವ ಭಾಗಕ್ಕೆ ಕಣ್ಣಿನ ಸುದ್ದಿ ತಲುಪುವ ದಾರಿ ಮುಚ್ಚಿಹೋಗಿತ್ತು.

ಇಷ್ಟು ಚಂದದ ವಿಚಾರ ಆಮೇಲೆ ಮೂಲೆಗುಂಪಾಯಿತು. ಮೆದುಳು ಇಡಿಯಾಗಿ ಕೆಲಸ ಮಾಡುತ್ತದೆ, ಹೀಗೆ ಜಾಗಗಳಿಗೆ ಡಬ್ಬಿ ಬರೆದು ದಾರಿಗಳಿಗೆ ಗೆರೆ ಎಳೆಯುವುದೆಲ್ಲ ಸುಮ್ನೆ ಅನ್ನುವವರ ಕೈ ಮೇಲಾಯಿತು. ಬದುಕಿರುವವರ ತಲೆಯೊಳಗೆ ಆ ಗೆರೆಗಳನ್ನು ತೋರಿಸುವ ದಾರಿ ಯಾರ ಹತ್ತಿರವೂ ಇರಲಿಲ್ಲ, ಹಾಗಾಗಿ ವಾದ ಗೆಲ್ಲುವುದೂ ಕಷ್ಟವಿತ್ತು. 1965ರಲ್ಲಿ ಅಮೆರಿಕದ ನರವೈದ್ಯ ನಾರ್ಮನ್ ಗೆಷ್ವಿಂಡ್ ಹಳೆಯ ಜರ್ಮನ್, ಫ್ರೆಂಚ್ ಬರಹಗಳನ್ನೆಲ್ಲ ಕೆದಕಿ, ಸಂಪರ್ಕ ತಪ್ಪಿದ್ದರಿಂದಲೇ ಆಗುವ ಕಾಯಿಲೆಗಳ ಬಗ್ಗೆ ಎರಡು ಭಾಗದ ಉದ್ದ ಪ್ರಬಂಧ ಬರೆದ ಮೇಲೆ ವಿಷಯ ಮತ್ತೆ ಮೇಲೆ ಬಂತು.

ಎಂಆರ್‌ಐ ಬಂದ ಮೇಲೂ ಮೊದಮೊದಲು ಕಂಡದ್ದು ಗೆಡ್ಡೆ, ರಕ್ತಸ್ರಾವ, ಊತ, ಇಂಥವು. ದಾರಿ ಕಂಡಿರಲಿಲ್ಲ. ಅದನ್ನು ತೋರಿಸಿದ್ದು ನೀರು. ನರತಂತು ಒಂದು ಸಣ್ಣ ಕೊಳವೆಯ ಥರ. ಅದರ ಉದ್ದಕ್ಕೆ ನೀರಿನ ಕಣ ಸುಲಭವಾಗಿ ಹರಿದಾಡುತ್ತದೆ, ಅಡ್ಡಕ್ಕೆ ತಡೆ ಜಾಸ್ತಿ. 1980ರ ದಶಕದ ನಡುವಿನಲ್ಲಿ ಡೆನಿ ಲ ಬಿಹಾನ್ ಈ ಓಡಾಟವನ್ನು ಎಂಆರ್‌ಐಯಲ್ಲಿ ಹಿಡಿದರು. 1994ರಲ್ಲಿ ಪೀಟರ್ ಬ್ಯಾಸರ್, ಜೇಮ್ಸ್ ಮ್ಯಾಟಿಯೆಲೊ ಮತ್ತು ಲ ಬಿಹಾನ್ ಸೇರಿ ದಿಕ್ಕನ್ನೂ ಲೆಕ್ಕ ಹಾಕುವ ಗಣಿತ ಕೊಟ್ಟರು. ಅದೇ ದಶಕ ಮುಗಿಯುವ ಹೊತ್ತಿಗೆ ಸ್ಕ್ಯಾನಿನ ಚುಕ್ಕಿಯಿಂದ ಚುಕ್ಕಿಗೆ ದಿಕ್ಕು ಹಿಡಿದು ದಾರ ಎಳೆಯುವುದು ಶುರುವಾಯಿತು. ನೀವು ನೋಡುವ ಬಣ್ಣದ ಚಿತ್ರ ಹುಟ್ಟಿದ್ದು ಹೀಗೆ.

ಇನ್ನೊಂದು ಕಥೆ ಕಸದಿಂದ ಹುಟ್ಟಿದ್ದು. ನನಗೆ ಇದೇ ಜಾಸ್ತಿ ಇಷ್ಟ. 1990ರ ಆಸುಪಾಸಿನಲ್ಲಿ ಸೇಜಿ ಒಗಾವಾ ಅವರು ರಕ್ತದಲ್ಲಿನ ಆಮ್ಲಜನಕದ ಏರಿಳಿತ ಎಂಆರ್‌ಐಯಲ್ಲಿ ಕಾಣುತ್ತದೆ ಅಂತ ತೋರಿಸಿದ್ದರು. ಮೆದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಕೆಲವು ಸೆಕೆಂಡಿನಲ್ಲಿ ರಕ್ತ ಜಾಸ್ತಿ ಹರಿಯುತ್ತದೆ, ಅದನ್ನು ಹಿಡಿಯಬಹುದು. ಎಲ್ಲರೂ ಯಂತ್ರದೊಳಗೆ ಜನರನ್ನು ಮಲಗಿಸಿ ಬೆರಳು ಆಡಿಸಿ, ಚಿತ್ರ ನೋಡಿ ಅಂತ ಕೆಲಸ ಕೊಡುತ್ತಿದ್ದರು. ಸುಮ್ಮನೆ ಮಲಗಿದ್ದಾಗ ಬರುವ ಏರಿಳಿತ ಬರೀ ಗದ್ದಲ, ಅದನ್ನು ತೆಗೆದುಹಾಕಬೇಕು ಅನ್ನುವುದು ರೂಢಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಭರತ್ ಬಿಸ್ವಾಲ್ ಆ ಗದ್ದಲವನ್ನೇ ಕೂತು ನೋಡಿದರು. ಎಡಗೈ ಆಡಿಸುವ ಭಾಗ ಮತ್ತು ಬಲಗೈ ಆಡಿಸುವ ಭಾಗ, ಕೈ ಅಲುಗಾಡದೆ ಇದ್ದಾಗಲೂ, ಒಟ್ಟಿಗೆ ಏರುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. 1995ರಲ್ಲಿ ಇದನ್ನು ಪ್ರಕಟಿಸಿದಾಗ ಉಸಿರಾಟದ್ದೋ ಹೃದಯದ್ದೋ ಸದ್ದು ಇರಬೇಕು ಅಂತ ಅನುಮಾನಪಟ್ಟವರೇ ಹೆಚ್ಚು. ಆಮೇಲೆ, ಹೀಗೆ ಒಟ್ಟಿಗೆ ಏರಿಳಿಯುವ ಭಾಗಗಳ ನಡುವೆ ಸಂಪರ್ಕವಿದೆ ಅನ್ನುವ ಲೆಕ್ಕದ ಮೇಲೆ ಇಡೀ ಕ್ಷೇತ್ರ ನಿಂತಿತು.

ಸುಮ್ಮನೆ ಮಲಗಿಸಿ ಸ್ಕ್ಯಾನ್ ಮಾಡುವುದರಿಂದ ರೋಗಿಗಳಿಗೆ ಅನುಕೂಲವಾಯಿತು, ಅಲ್ವಾ? ಮರೆವಿನ ಕಾಯಿಲೆಯವರಿಗೆ, ಮಾತು ಹೋದವರಿಗೆ, ಚಿಕ್ಕ ಮಕ್ಕಳಿಗೆ ಪರೀಕ್ಷೆಯ ಕೆಲಸ ಕೊಡುವುದು ಎಲ್ಲಿ ಸಾಧ್ಯ? 2001ರಲ್ಲಿ ಮಾರ್ಕಸ್ ರೈಕ್ಲೆ ತಂಡ, ನಾವು ಕೆಲಸವಿಲ್ಲದೆ ಇದ್ದಾಗಲೇ ಚುರುಕಾಗಿರುವ ಕೆಲವು ಭಾಗಗಳಿವೆ ಅಂದಿತು. 2004ರಲ್ಲಿ ಮೈಕಲ್ ಗ್ರೀಸಿಯಸ್ ತಂಡ ಒಟ್ಟಿಗೆ ಏರಿಳಿಯುವ ಆ ಭಾಗಗಳ ಜಾಲ ಆಲ್ಝೈಮರ್ ರೋಗಿಗಳಲ್ಲಿ ಸಡಿಲವಾಗಿದೆ ಅಂತ ಕಂಡಿತು. 2009ರಲ್ಲಿ ವಿಲಿಯಂ ಸೀಲಿ ತಂಡ ಮೆದುಳು ಸವೆಯುವ ಐದು ಬಗೆಯ ಕಾಯಿಲೆಗಳನ್ನು ನೋಡಿತು. ಒಂದೊಂದು ಕಾಯಿಲೆಯಲ್ಲಿ ಮೆದುಳು ಸವೆಯುವ ಜಾಗಗಳು ಆರೋಗ್ಯವಂತರ ಒಂದೊಂದು ಜಾಲಕ್ಕೆ ಹೊಂದಿಕೊಳ್ಳುತ್ತಿದ್ದವು. ಅಂದರೆ ರೋಗ ಕಂಡಕಂಡಲ್ಲಿ ಮೇಯುವುದಿಲ್ಲ. ಜೊತೆಯಾಗಿ ದುಡಿಯುವ ಭಾಗಗಳನ್ನೇ ಹಿಡಿಯುತ್ತದೆ.

ಈ ನಡುವೆ ಜಾಡಿಯ ಮೆದುಳಿಗೂ ಸರದಿ ಬಂತು. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಲೆಬೋರ್ನ್‌ನ ಮೆದುಳನ್ನು ಎಂಆರ್‌ಐಗೆ ಹಾಕಿದರು. ಹೊರಗಡೆ ಬ್ರೋಕಾ ಕಂಡ ಗಾಯ ಅಲ್ಲಿಗೇ ನಿಂತಿರಲಿಲ್ಲ. ಒಳಗೆ ಆಳಕ್ಕೆ ಇಳಿದು, ಮೆದುಳಿನ ಮುಂದಿನ ಭಾಗವನ್ನು ಹಿಂದಿನದಕ್ಕೆ ಕೂಡಿಸುವ ದೊಡ್ಡ ತಂತುಗಳ ಕಟ್ಟನ್ನೇ ತಿಂದಿತ್ತು. ‘ಮಾತಿನ ಜಾಗ’ ಎಂಬ ಕಥೆ ಹೊರಟ ಮೆದುಳಲ್ಲೇ ದಾರಿಯೂ ಕಡಿದಿತ್ತು, ಹೊರಗಿನಿಂದ ನೋಡಿದರೆ ಕಾಣದ ಹಾಗೆ.

ಇಷ್ಟಾದ ಮೇಲೆ ಉತ್ಸಾಹ ಅತಿಯಾಯಿತು ಅಂತಲೇ ಹೇಳಬೇಕು. ಆಟಿಸಂ, ಮೂರ್ಛೆ ರೋಗ, ಪಾರ್ಕಿನ್ಸನ್, ಖಿನ್ನತೆ, ಯಾವುದನ್ನು ತೆಗೆದುಕೊಂಡರೂ ‘ಸಂಪರ್ಕ ಕಡಿಮೆ’ ಅಥವಾ ‘ಸಂಪರ್ಕ ಜಾಸ್ತಿ’ ಅಂತ ಒಂದು ಪ್ರಬಂಧ ಸಿಗುತ್ತಿತ್ತು. 2012ರಲ್ಲಿ ಜೋನಾಥನ್ ಪವರ್ ಮತ್ತು ಸಹೋದ್ಯೋಗಿಗಳು ಒಂದು ಕಿರಿಕಿರಿಯ ಸತ್ಯ ಮುಂದಿಟ್ಟರು. ಸ್ಕ್ಯಾನ್ ಹೊತ್ತಿನಲ್ಲಿ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಸಾಕು, ಹತ್ತಿರದ ಸಂಪರ್ಕ ಗಟ್ಟಿಯಾಗಿ, ದೂರದ್ದು ದುರ್ಬಲವಾಗಿ ತೋರುತ್ತದೆ. ಮಕ್ಕಳು ಮತ್ತು ರೋಗಿಗಳು ಜಾಸ್ತಿ ಅಲುಗಾಡುತ್ತಾರೆ. ಹಾಗಾದರೆ ನಾವು ನೋಡಿದ್ದು ಕಾಯಿಲೆಯನ್ನೋ, ಕತ್ತಿನ ಚಡಪಡಿಕೆಯನ್ನೋ? ಅವರ ತಂಡದ್ದೇ ಹಳೆಯ ಕೆಲವು ಫಲಿತಾಂಶಗಳೂ ಈ ಅನುಮಾನಕ್ಕೆ ಸಿಕ್ಕಿಬಿದ್ದವು. ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಮೆಚ್ಚಬೇಕು.

ಬಣ್ಣದ ದಾರಗಳಿಗೂ ಪೆಟ್ಟು ಬಿತ್ತು. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಪ್ಪತ್ತು ಸಂಶೋಧನಾ ತಂಡಗಳಿಗೆ ಉತ್ತರ ಮೊದಲೇ ಗೊತ್ತಿರುವ ಒಂದು ಕೃತಕ ಮೆದುಳಿನ ಮಾಹಿತಿ ಕೊಟ್ಟು ದಾರ ಎಳೆಯಿರಿ ಅಂದರು. ನಿಜವಾದ ಕಟ್ಟುಗಳಲ್ಲಿ ಬಹುತೇಕ ಎಲ್ಲ ಸಿಕ್ಕವು. ತೊಂದರೆ ಏನೆಂದರೆ, ಇಲ್ಲದ ಕಟ್ಟುಗಳು ಅದಕ್ಕಿಂತ ಜಾಸ್ತಿ ಸಿಕ್ಕವು. ಎರಡು ತಂತುಗಳು ಅಡ್ಡ ಹಾದು ಹೋಗುತ್ತವೋ, ಮುಟ್ಟಿ ಅಗಲುತ್ತವೋ ಅಂತ ನೀರಿನ ಓಡಾಟ ನೋಡಿ ಹೇಳುವುದು ಕಷ್ಟ. ಸ್ಕ್ಯಾನಿನ ಒಂದು ಚುಕ್ಕಿ ಎರಡು ಮಿಲಿಮೀಟರಿನಷ್ಟು, ಅದರೊಳಗೆ ಲಕ್ಷಾಂತರ ತಂತುಗಳು ಇರುತ್ತವೆ.

ಹಾಗಂತ ಎಲ್ಲ ಬರೀ ಲ್ಯಾಬಿನ ಆಟ ಅಲ್ಲ. ನೀರಿನ ಓಡಾಟ ಅಳೆಯುವ ಸ್ಕ್ಯಾನ್ ಇವತ್ತು ಲಕ್ವ ಹೊಡೆದ ರೋಗಿಗೆ ತುರ್ತಾಗಿ ಮಾಡುವ ಪರೀಕ್ಷೆ. ಆದರೆ ಸುಮ್ಮನೆ ಮಲಗಿಸಿ ಮಾಡುವ ಸ್ಕ್ಯಾನ್ ಗುಂಪುಗಳ ನಡುವಿನ ವ್ಯತ್ಯಾಸ ಮಾತ್ರ ಹೇಳುತ್ತದೆ; ನಿಮ್ಮೆದುರು ಕೂತ ಒಬ್ಬರಿಗೆ ಆಲ್ಝೈಮರ್ ಇದೆಯೋ ಇಲ್ಲವೋ ಅಂತ ತೀರ್ಪು ಕೊಡುವಷ್ಟು ಬೆಳೆದಿಲ್ಲ. ಒಂದೇ ಸ್ಕ್ಯಾನಿನಲ್ಲಿ ಎಲ್ಲ ಹೇಳುತ್ತೇವೆ ಅನ್ನುವ ಜಾಹೀರಾತು ಕಂಡರೆ ಸ್ವಲ್ಪ ಹುಷಾರು.

ದಾರದ ನಕ್ಷೆ ನೇರವಾಗಿ ಕೈಗೆ ಬರುವುದು ಗೆಡ್ಡೆಯ ಆಪರೇಷನ್‌ನಲ್ಲಿ. ಮಾತಿನ ತಂತುಗಳನ್ನು ಗೆಡ್ಡೆ ಯಾವ ಕಡೆ ತಳ್ಳಿದೆ ಅಂತ ಸರ್ಜನ್ ಮೊದಲೇ ಅದರಲ್ಲಿ ನೋಡಿಕೊಳ್ಳುತ್ತಾರೆ. ಆದರೂ ತೀರಾ ಸೂಕ್ಷ್ಮ ಜಾಗವಾದರೆ ರೋಗಿಯನ್ನು ಎಚ್ಚರವಾಗಿಯೇ ಇಟ್ಟುಕೊಂಡು, ಚಿತ್ರ ತೋರಿಸಿ ಹೆಸರು ಕೇಳುತ್ತಾ, ಮೆದುಳಿಗೆ ಸಣ್ಣಗೆ ವಿದ್ಯುತ್ ಮುಟ್ಟಿಸುತ್ತಾರೆ. ಮಾತು ತಡವರಿಸಿತೋ, ಸ್ಕ್ರೀನಿನ ಮೇಲೆ ದಾರ ಎಲ್ಲೇ ಇರಲಿ, ಅಲ್ಲಿ ಕತ್ತರಿ ಹಾಕುವುದಿಲ್ಲ.