ನೀರಿಗೇನು ಬರ? ಹೈಡ್ರೋಜನ್ ಕಾರಿನ ಲೆಕ್ಕ

ಹೈಡ್ರೋಜನ್ ಕಾರಿನ ಮಾತು ಬಂದಾಗ ಮಡಿಕೇರಿಯ ಗೆಳೆಯನೊಬ್ಬ ಕೇಳಿದ: "ನೀರಿನಿಂದ ತೆಗೆಯೋದು ಅಲ್ವಾ? ಕೊಡಗಿನಲ್ಲಿ ನೀರಿಗೇನು ಬರ?" ನೀರಿನ ವಿಷಯ ಸರಿ. 1 ಕೆ.ಜಿ. ಹೈಡ್ರೋಜನ್‌ಗೆ ಹಿಡಿಯುವ ನೀರು ಸುಮಾರು 9 ಲೀಟರ್. ಆಟಿ ತಿಂಗಳ ಮಳೆಗೆ ಸೂರಿನ ಕೆಳಗೆ ಬಕೆಟ್ ಇಟ್ಟರೆ ಅಷ್ಟು ಸಿಗುತ್ತದೆ. ಖರ್ಚೆಲ್ಲ ಕರೆಂಟಿನದು.

ಮೊದಲು ಕರೆಂಟು ಹಾಯಿಸಿ ನೀರನ್ನು ಒಡೆಯಬೇಕು. ಬಂದ ಅನಿಲವನ್ನು 700 ಬಾರ್ ಒತ್ತಡಕ್ಕೆ (ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು) ಅದುಮಿ ಟ್ಯಾಂಕಿಗೆ ತುಂಬಬೇಕು. ಕಾರಿನೊಳಗಿನ ಫ್ಯೂಯೆಲ್ ಸೆಲ್ ಅದನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ಮತ್ತೆ ಕರೆಂಟು ಮಾಡುತ್ತದೆ. ಚಕ್ರ ತಿರುಗಿಸುವುದು ಮೋಟಾರೇ. ಕರೆಂಟಿನಿಂದ ಹೊರಟು ಕರೆಂಟಿಗೇ ವಾಪಸ್! ದಾರಿಯಲ್ಲಿ ಪ್ರತಿ ಹಂತದಲ್ಲೂ ಶಕ್ತಿ ಸೋರಿಕೆ.

ಮಡಿಕೇರಿಯಿಂದ ಮೈಸೂರಿಗೆ ಹೋಗಿ ಬರಲು ಸುಮಾರು 240 ಕಿ.ಮೀ. ಟೊಯೋಟಾ ಮಿರಾಯ್‌ನಂಥ ಹೈಡ್ರೋಜನ್ ಕಾರು 1 ಕೆ.ಜಿ.ಗೆ ಹೆಚ್ಚುಕಡಿಮೆ 100 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಅಂದರೆ 2.4 ಕೆ.ಜಿ. ಬೇಕು. ತಯಾರಿಸಿ ಅದುಮಲು ಕೆ.ಜಿ.ಗೆ 55 ಯೂನಿಟ್ ಎಂದರೂ ಒಟ್ಟು 132 ಯೂನಿಟ್. ಬ್ಯಾಟರಿ ಕಾರಿಗೆ ಚಾರ್ಜಿಂಗ್ ನಷ್ಟ ಸೇರಿ 42 ಯೂನಿಟ್ ಸಾಕು. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ಒಂದಕ್ಕೆ 1,056, ಇನ್ನೊಂದಕ್ಕೆ 336. "ಪೆಟ್ರೋಲಿಗಿಂತ ಕಡಿಮೆಯೇ ಆಯ್ತಲ್ಲ" ಎನ್ನಬೇಡಿ. ಯಂತ್ರ, ಸಾಗಣೆ, ಬಂಕು, ಲಾಭ ಯಾವುದೂ ಇದರಲ್ಲಿ ಸೇರಿಲ್ಲ.

ಸಾಗಣೆಯೇ ದೊಡ್ಡ ತಲೆನೋವು. ಉಕ್ಕಿನ ಸಿಲಿಂಡರ್ ಹೊತ್ತ ದೊಡ್ಡ ಟ್ರೈಲರ್ ಒಂದರಲ್ಲಿ ಹಿಡಿಯುವ ಹೈಡ್ರೋಜನ್ ಸುಮಾರು 300 ಕೆ.ಜಿ. ಅಷ್ಟೇ. ಅಂದರೆ ಐವತ್ತು ಚಿಲ್ಲರೆ ಕಾರುಗಳಿಗೆ ಫುಲ್ ಟ್ಯಾಂಕ್. ಅಂಥ ಗಾಡಿ ಕರಾವಳಿಯಿಂದ ಬರುವುದಾದರೆ ಸಂಪಾಜೆ ಘಾಟಿ ಹತ್ತಬೇಕು, ಅದೂ ಮಳೆಗಾಲದಲ್ಲಿ ಭಾರಿ ವಾಹನ ತಡೆಯುವ ಜಿಲ್ಲೆಗೆ.

ಐದು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ, ತುಂಬಿದರೆ 600 ಕಿ.ಮೀ. ದಾಟುತ್ತದೆ. ಆ ಅನುಕೂಲ ನಿಜ. 2022ರಲ್ಲಿ ಸಚಿವ ನಿತಿನ್ ಗಡ್ಕರಿ ಮಿರಾಯ್‌ನಲ್ಲೇ ಸಂಸತ್ತಿಗೆ ಹೋಗಿದ್ದರು. ಆದರೆ ಬಂಕ್ ಇಲ್ಲದೆ ಕಾರು ಮಾರಾಟವಾಗದು, ಕಾರಿಲ್ಲದೆ ಬಂಕ್ ನಡೆಯದು. 2024ರಲ್ಲಿ ಶೆಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗಾಗಿ ಇಟ್ಟಿದ್ದ ತನ್ನ ಹೈಡ್ರೋಜನ್ ಬಂಕ್‌ಗಳನ್ನು ಮುಚ್ಚಿಬಿಟ್ಟಿತು.

ಹಾಗಂತ ಹೈಡ್ರೋಜನ್ ಕೆಲಸಕ್ಕೆ ಬಾರದ್ದಲ್ಲ. ಬಿಸಿಲು, ಗಾಳಿಯಂಥ ನವೀಕರಿಸಬಹುದಾದ ಶಕ್ತಿಯಿಂದ ಹೈಡ್ರೋಜನ್ ತೆಗೆಯುವ 2023ರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿ ಇಟ್ಟಿದೆ. ನನ್ನ ಮಟ್ಟಿಗೆ ಅದರ ಮೊದಲ ಗಿರಾಕಿ ಕಾರು ಆಗಬಾರದು, ರಸಗೊಬ್ಬರ ಕಾರ್ಖಾನೆ ಆಗಬೇಕು. ಕಾಫಿ ತೋಟಕ್ಕೆ ಹಾಕುವ ಯೂರಿಯಾ ಅಮೋನಿಯಾದಿಂದ ಬರುತ್ತದೆ, ಅಮೋನಿಯಾಕ್ಕೆ ಹೈಡ್ರೋಜನ್ ಬೇಕೇ ಬೇಕು. ಸದ್ಯ ಅದನ್ನು ಜಾಸ್ತಿ ತೆಗೆಯುವುದು ನೈಸರ್ಗಿಕ ಅನಿಲದಿಂದ. ಅಲ್ಲಿ ಬ್ಯಾಟರಿಯ ಪೈಪೋಟಿಯೂ ಇಲ್ಲ.