ಕೊನೆಯ ಎರಡು ಕಿಲೋಮೀಟರ್

"ಗೆಸ್ಟ್ ಬರ್ತಿಲ್ಲ, ಏನು ಮಾಡೋಣ ಹೇಳಿ" ಎಂದು ಕೇಳುವ ಮಲೆನಾಡಿನ ಹೋಂಸ್ಟೇ ಮಾಲೀಕರ ಬಳಿ ಉತ್ತರವೂ ಮೊದಲೇ ಇರುತ್ತದೆ. ಸ್ವಿಮ್ಮಿಂಗ್ ಪೂಲ್, ಇಲ್ಲವೇ ರೇನ್ ಡ್ಯಾನ್ಸ್, ಅದೂ ಇಲ್ಲದಿದ್ದರೆ ತಲೆಗೆ ಮುನ್ನೂರು ರೂಪಾಯಿ ಇಳಿಕೆ. ಮನೆಗೆ ಬರುವ ದಾರಿಯ ಮಾತೆತ್ತಿದರೆ ಮಾತ್ರ "ಅಯ್ಯೋ, ಅದೇನು ಬಿಡಿ, ಫೋನ್ ಮಾಡಿದ್ರೆ ಹೇಳ್ತೀವಿ" ಅನ್ನುತ್ತಾರೆ.

ಫೋನ್ ಮಾಡುವುದಾದರೂ ಎಲ್ಲಿಂದ? ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಶುಕ್ರವಾರ ಆಫೀಸು ಮುಗಿಸಿ ಹೊರಟವರಿಗೆ ನೆಲಮಂಗಲ ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ಹೆದ್ದಾರಿ ಬಿಟ್ಟು ತೋಟದ ದಾರಿಗೆ ತಿರುಗುವಾಗ ರಾತ್ರಿ ಹತ್ತು ದಾಟಿರುತ್ತದೆ, ಸಿಗ್ನಲ್ಲೂ ಹೋಗಿರುತ್ತದೆ. ಮ್ಯಾಪು 'ತಲುಪಿದ್ದೀರಿ' ಎನ್ನುತ್ತದೆ. ಎದುರಿಗಿರುವುದು ಬೀಗ ಹಾಕಿದ ಇನ್ಯಾರದೋ ಎಸ್ಟೇಟಿನ ಗೇಟು. ಬೆಳಿಗ್ಗೆ ನೀವು ಎಂಥ ಅಕ್ಕಿರೊಟ್ಟಿ, ಕಳಲೆ ಪಲ್ಯ ಬಡಿಸಿದರೂ ಅವರ ರಿವ್ಯೂ ಶುರುವಾಗುವುದು ಆ ಗೇಟಿನಿಂದಲೇ. ಅದನ್ನು ಓದಿದ ಮುಂದಿನ ಸಂಸಾರ ಪಕ್ಕದ ಮನೆ ಬುಕ್ ಮಾಡುತ್ತದೆ. ಎಲ್ಲ ಖಾಲಿ ರೂಮಿಗೂ ಇದೇ ಕಾರಣ ಎನ್ನಲಾಗದು. ಆದರೆ ದರ ಇಳಿಸುವ ಮೊದಲು ನಿಮ್ಮ ಹಳೆಯ ರಿವ್ಯೂಗಳಲ್ಲಿ 'ರೋಡ್', 'ರೂಟ್', 'ಲೊಕೇಶನ್' ಎಂಬ ಪದಗಳು ಎಷ್ಟು ಸಲ ಬಂದಿವೆ ಎಂದು ಎಣಿಸಿ ನೋಡಿ.

ಮ್ಯಾಪು ತಪ್ಪುವುದಕ್ಕೆ ಕಾರಣವಿದೆ. ತೋಟದೊಳಗಿನ ಖಾಸಗಿ ರಸ್ತೆ ಮ್ಯಾಪಿನಲ್ಲಿ ಇಲ್ಲದಿದ್ದರೆ, ಅದು ನಿಮ್ಮ ಪಿನ್ನಿಗೆ, ಅಂದರೆ ಮ್ಯಾಪಿನಲ್ಲಿ ನಿಮ್ಮ ಜಾಗ ತೋರಿಸುವ ಗುರುತಿಗೆ, ಅತಿ ಹತ್ತಿರವಿರುವ, ತನಗೆ ಗೊತ್ತಿರುವ ರಸ್ತೆಗೆ ಕಾರನ್ನು ತಂದು ನಿಲ್ಲಿಸುತ್ತದೆ. ಆ ರಸ್ತೆ ಹಳ್ಳದ ಆಚೆ ದಡದಲ್ಲಿದ್ದರೂ ಅದಕ್ಕೆ ಲೆಕ್ಕವಿಲ್ಲ. ಇನ್ನು ಕೆಲವರು ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ನೋಂದಣಿ ಮಾಡಿಸಿರುತ್ತಾರೆ, ಪಿನ್ನು ಪೇಟೆಯಲ್ಲೇ ಉಳಿದಿರುತ್ತದೆ. ಅಕ್ಷಾಂಶ ರೇಖಾಂಶ ಬರೆದು ಕೊಡುವವರು ದಶಮಾಂಶ ಬಿಂದುವಿನ ನಂತರ ಎರಡೇ ಅಂಕಿ ಬರೆದರೆ ಒಂದು ಕಿಲೋಮೀಟರ್‌ವರೆಗೂ ವ್ಯತ್ಯಾಸ ಬರಬಹುದು. ನಾಲ್ಕಂಕಿ ಇದ್ದರೆ ಹತ್ತು ಮೀಟರ್ ಆಸುಪಾಸು.

ಹಾಗಾಗಿ ಪಿನ್ನನ್ನು ಮನೆಯ ಮಾಡಿನ ಮೇಲೆ ಇಡಬೇಡಿ. ನಿಮ್ಮ ಖಾಸಗಿ ರಸ್ತೆ ಸಾರ್ವಜನಿಕ ರಸ್ತೆಯಿಂದ ಕವಲೊಡೆಯುವ ಕಡೆ, ಗೇಟಿನ ಬಾಯಲ್ಲೇ ಇಡಿ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಹೋಂಸ್ಟೇಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ತಿದ್ದಿದ ಮೇಲೆ ನೀವು ಪಟ್ಟಿ ಹಾಕಿಸಿರುವ ಪ್ರತಿಯೊಂದು ಬುಕಿಂಗ್ ಆ್ಯಪಿನಲ್ಲೂ ಬೇರೆಬೇರೆಯಾಗಿ ತಿದ್ದಬೇಕು, ಒಂದು ಕಡೆಯದು ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ತಿದ್ದುಪಡಿಯ ಪರಿಶೀಲನೆಗೆ ಕೆಲವು ದಿನ ಹಿಡಿಯಬಹುದು, ದಸರಾ ರಜೆಯ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಆಮೇಲೆ ಊರಿನ ದಾರಿ ಗೊತ್ತಿಲ್ಲದ ಯಾರನ್ನಾದರೂ, ನಿಮ್ಮ ಮನೆಯ ಹುಡುಗರನ್ನಲ್ಲ, ಬರೀ ಮ್ಯಾಪು ಹಿಡಿದು ಕತ್ತಲಾದ ಮೇಲೆ ಬರಹೇಳಿ.

ರಸ್ತೆ ಕೆಟ್ಟದ್ದಿದ್ದರೆ ಕೆಟ್ಟದ್ದೆಂದೇ ಬರೆಯಿರಿ. ಇದನ್ನು ಹೇಳಿದರೆ ಮಾಲೀಕರ ಮುಖ ಸಪ್ಪಗಾಗುತ್ತದೆ. ನಮ್ಮಲ್ಲಿ ಓಡುವ ಸೆಡಾನ್ ಕಾರುಗಳ ತಳ ನೆಲದಿಂದ ಸಾಮಾನ್ಯವಾಗಿ 160ರಿಂದ 170 ಮಿ.ಮೀ. ಎತ್ತರದಲ್ಲಿರುತ್ತದೆ. ಐದು ಜನ, ಡಿಕ್ಕಿ ತುಂಬ ಲಗೇಜು ಎಂದರೆ ಇನ್ನೂ ಕೆಳಕ್ಕೆ ಕೂರುತ್ತದೆ. ನಿಮ್ಮ ಜೀಪು ದಿನಾ ಹತ್ತಿಳಿಯುವ ಕಲ್ಲಿನ ಏರು ಅವರ ಕಾರಿನ ಹೊಟ್ಟೆ ಕೆರೆಯುತ್ತದೆ. 'ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಕ್ಕ ಕಾರು ಬರುವುದಿಲ್ಲ. ಟಾರು ರಸ್ತೆಯ ಪಕ್ಕ ನಿಲ್ಲಿಸಲು ಜಾಗವಿದೆ, ನಮ್ಮ ಜೀಪಿನಲ್ಲಿ ಕರೆತರುತ್ತೇವೆ, ಬೇರೆ ಚಾರ್ಜ್ ಇಲ್ಲ.' ಇಷ್ಟು ಸಾಕು. ಇದನ್ನು ಓದಿ ಹಿಂದೆ ಸರಿಯುವವರು ಬಂದಿದ್ದರೂ ಒಂದೇ ಸ್ಟಾರ್ ಕೊಟ್ಟು ಹೋಗುತ್ತಿದ್ದರು. ಉಳಿದವರಿಗೆ ಜೀಪೇ ಒಂದು ಆಕರ್ಷಣೆ, ಮಕ್ಕಳಿಗಂತೂ ಅದೇ ರೇನ್ ಡ್ಯಾನ್ಸು. ಇಂಬಳದ (ಜಿಗಣೆಯ) ವಿಷಯವನ್ನೂ ಹೀಗೇ ಮೊದಲೇ ಹೇಳಿ, ಬಾಗಿಲ ಬಳಿ ಉಪ್ಪಿನ ಬಟ್ಟಲು ಇಟ್ಟಿರಿ.

ಗೆಸ್ಟ್‌ಗಳು ತಮ್ಮ ಊರಿನಿಂದ ಹೊರಡುವ ದಿನ ಮಧ್ಯಾಹ್ನದೊಳಗೆ, ಅಂದರೆ ಅವರಿಗೆ ಸಿಗ್ನಲ್ ಇರುವಾಗಲೇ, ವಾಟ್ಸ್ಆ್ಯಪಿನಲ್ಲಿ ಒಂದು ಸಂದೇಶ ಹೋಗಬೇಕು. ಅದರಲ್ಲಿ ಪಿನ್ನು, ಪ್ರತಿ ತಿರುವಿನದೂ ಒಂದೊಂದು ಫೋಟೊ, ಡ್ರೈವರ್ ಪಕ್ಕದ ಸೀಟಿನಿಂದ ತೆಗೆದ ಒಂದು ನಿಮಿಷದ ವಿಡಿಯೊ, ಆ ಭಾಗದ ಮ್ಯಾಪನ್ನು ಆಫ್‌ಲೈನ್ ಡೌನ್‌ಲೋಡ್ ಮಾಡಿಕೊಳ್ಳುವಂತೆ ಒಂದು ಸಾಲು, ಜೊತೆಗೆ ಸಿಗ್ನಲ್ ಎಲ್ಲಿ ಕೊನೆ ಎಂಬ ಮಾತು ಇರಲಿ. 'ಹಾಲಿನ ಡೈರಿ ಆದ ಮೇಲೆ ನೆಟ್‌ವರ್ಕ್ ಇರುವುದಿಲ್ಲ, ಅಲ್ಲಿಂದಲೇ ಒಂದು ಕಾಲ್ ಮಾಡಿ.' ಗುರುತುಗಳು ಕತ್ತಲಲ್ಲೂ ಕಾಣುವಂಥವಾಗಿರಲಿ. 'ದೊಡ್ಡ ಹಲಸಿನ ಮರದ ಹತ್ತಿರ ಎಡಕ್ಕೆ' ಎಂದರೆ ಬೆಂಗಳೂರಿನವರಿಗೆ ರಾತ್ರಿ ಎಲ್ಲ ಮರವೂ ಒಂದೇ.

ಫೋಟೊ, ಹಾಸಿಗೆ, ಬಿಸಿನೀರಿನ ಮಾತು ಇಲ್ಲಿ ಎತ್ತುವುದಿಲ್ಲ, ಅದು ನಿಮಗೇ ಗೊತ್ತು. ದರ ತಲೆಗೋ ರೂಮಿಗೋ, ಊಟ ಸೇರಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಮೊದಲ ಸಾಲಿನಲ್ಲೇ ಬರೆದುಬಿಡಿ.

ಇನ್ನು ಬೋರ್ಡು. ಪ್ರತಿ ಕವಲಿಗೂ ಒಂದು ಬೇಕು. ಹೆಡ್‌ಲೈಟ್ ಬಿದ್ದರೆ ಹೊಳೆಯುವ ರಿಫ್ಲೆಕ್ಟಿವ್ ಶೀಟಿನದು, ಬಾಣದ ಗುರುತು ಹೆಸರಿಗಿಂತ ದೊಡ್ಡದಾಗಿರಲಿ. ತಿರುವಿನಲ್ಲೇ ನೆಡದೆ ಮೂವತ್ತು ಮೀಟರ್ ಮೊದಲೇ ನೆಡಿ, ಕಾರಿಗೆ ನಿಧಾನಿಸಲು ಅಷ್ಟಾದರೂ ಜಾಗ ಬೇಕು. ಜಾಗ ಪಂಚಾಯಿತಿಯದಾದರೆ ಅವರನ್ನು ಕೇಳಿಯೇ ಹಾಕಿ. ಮಳೆಗಾಲದಲ್ಲಿ ಲಂಟಾನ ಬೆಳೆದು ಬೋರ್ಡನ್ನು ನುಂಗುತ್ತದೆ, ತಿಂಗಳಿಗೊಮ್ಮೆ ಕತ್ತಿ ಹಿಡಿದು ಯಾರನ್ನಾದರೂ ಕಳಿಸಿ.